ಪಾಂಡವಪುರದಲ್ಲೇ ಇಳಿದುಬಿಡುತ್ತಿದ್ದ ಉತ್ತರಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶ್ರೀರಂಗಪಟ್ಟಣದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಕೋಟೆಯೊಳಗಿನ ಹಳೆಯ ಮನೆಯೊಂದರ ಮುಂಭಾಗವನ್ನು ಬಾಡಿಗೆಗೆ ಹಿಡಿದು ಒಬ್ಬ ಡಾಕ್ಟರಮ್ಮ ಅದನ್ನು ನಡೆಸುತ್ತಿದ್ದರು. ಮದುವೆಯಾಗದ, ಐವತ್ತು ದಾಟಿದ, ಮಾತಿಗಿಂತ ಕೈಯನ್ನೇ ಹೆಚ್ಚು ಆಡಿಸುವ ಹೆಂಗಸು. ಊರಿನ ಜನ ಮೈಸೂರಿನ ತನಕ ಹೋಗಿ ರಕ್ತ ಕೊಟ್ಟು, ಮತ್ತೆ ರಿಪೋರ್ಟಿಗೆಂದು ಇನ್ನೊಂದು ದಿನ ಹೋಗಿ ಬರುವುದನ್ನು ಕಂಡು ಬೇಸತ್ತು, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಮೂರೂ ಕಡೆ ಒಂದೊಂದು ಕೋಣೆ ಮಾಡಿದ್ದರು. ಅಲ್ಲಿ ರಕ್ತ ತೆಗೆದು, ಐಸು ತುಂಬಿದ ಡಬ್ಬಿಯಲ್ಲಿಟ್ಟು ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ, ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ನಾವು ಇಳಿಸಿಕೊಳ್ಳುತ್ತಿದ್ದೆವು.

ಮೊದಮೊದಲು ರಿಪೋರ್ಟನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದರಂತೆ. ಒಮ್ಮೆ ಯಾರದೋ ರಕ್ತದ ಗುಂಪು ಫೋನಿನ ಗದ್ದಲದಲ್ಲಿ ನೆಗೆಟಿವ್ ಎಂಬುದು ಪಾಸಿಟಿವ್ ಎಂದು ಕೇಳಿಸಿತು. ಪುಣ್ಯಕ್ಕೆ ಅನಾಹುತ ಆಗುವ ಮುಂಚೆಯೇ ತಿಳಿಯಿತು. ಅಂದಿನಿಂದ ಡಾಕ್ಟರಮ್ಮ ಒಂದು ಕಟ್ಟುಪಾಡು ಹಾಕಿದರು: ಬಾಯಲ್ಲಿ ಯಾವ ರಿಪೋರ್ಟನ್ನೂ ಹೇಳುವಂತಿಲ್ಲ, ಬರಹದಲ್ಲೇ ಹೋಗಬೇಕು. ಅದಕ್ಕಾಗಿಯೇ ಎಲ್ಲಿಂದಲೋ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ತರಿಸಿ, ಒಂದೊಂದಕ್ಕೂ ಟೆಲಿಫೋನಿನ ಜೊತೆ ಮಾತಾಡುವ ಮೋಡೆಮ್ ಎಂಬ ಪೆಟ್ಟಿಗೆ ಹಾಕಿಸಿದರು. ಮೈಸೂರಿನ ಒಬ್ಬರು ಪ್ರೋಗ್ರಾಮು ಬರೆದುಕೊಟ್ಟು, ನಂತರ ಬೇರೆ ಕೆಲಸ ಹಿಡಿದು ಹುಬ್ಬಳ್ಳಿಯ ಕಡೆ ಹೋದರು. ಅವರು ಹೋದ ಮೇಲೆ ಅದನ್ನು ನೋಡಿಕೊಳ್ಳಲು ನನ್ನನ್ನು ಸೇರಿಸಿಕೊಂಡರು. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ. ಗಂಜಾಮಿನಲ್ಲಿ ಗಂಡನ ಮನೆ, ಮಡಿಲಲ್ಲಿ ಮೂರು ವರ್ಷದ ಮಗಳು. ಮನೆಗೆ ನಡೆದುಹೋಗುವಷ್ಟು ಹತ್ತಿರದ ಕೆಲಸ ಸಿಕ್ಕಿದ್ದೇ ದೊಡ್ಡದು ಎಂದುಕೊಂಡಿದ್ದೆ.

ಆ ಪ್ರೋಗ್ರಾಮಿನಲ್ಲಿ ಎರಡು ಬಗೆಯ ಸಂದೇಶಗಳಿದ್ದವು. ಒಂದು ಬರೀ ಸುದ್ದಿ. ‘ಡಬ್ಬಿಯನ್ನು ಬಸ್ಸಿಗೆ ಹಾಕಿದ್ದೇವೆ’ ಎಂಬಂಥದ್ದು. ಅದಕ್ಕೆ ಉತ್ತರ ಬೇಕಿಲ್ಲ. ಇನ್ನೊಂದು ಕೇಳಿಕೆ. ‘ಇಂಥ ಸಂಖ್ಯೆಯ ರಕ್ತಕ್ಕೆ ಇಂಥ ಪರೀಕ್ಷೆ’ ಎಂದು ಕೋಣೆಯಿಂದ ಬಂದರೆ, ಪರೀಕ್ಷೆ ಮುಗಿದ ಮೇಲೆ ಕೇಳಿದ ಕೋಣೆಗೇ ಉತ್ತರ ಹೋಗಿ ಸೇರಬೇಕು. ನಾಗಮಂಗಲದ ಕೋಣೆಯಿಂದ ಒಂದು ದಿನವೂ ದೂರು ಬಂದದ್ದಿಲ್ಲ. ಪಾಂಡವಪುರದಿಂದಲೂ ಇಲ್ಲ. ಬರುತ್ತಿದ್ದುದೆಲ್ಲ ಕೆ.ಆರ್. ಪೇಟೆಯಿಂದ.

ಕೆ.ಆರ್. ಪೇಟೆಯ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹೊಸಹೊಳಲಿನವರು. ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರಿಗೆ ಡಾಕ್ಟರಮ್ಮನೇ ರಕ್ತ ತೆಗೆಯುವುದನ್ನು ಕಲಿಸಿ, ಕೋಣೆ ವಹಿಸಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬರೇ ಇದ್ದರು. ಸೂಜಿ ಚುಚ್ಚುವ ಮುಂಚೆ ಅವರು ಎದುರಿಗಿದ್ದವರ ಮನೆಯ ದನಕರುವಿನ ತನಕ ವಿಚಾರಿಸುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ರಕ್ತ ಸೀಸೆಗೆ ಬಂದಿರುತ್ತಿತ್ತು.

ಅವರೆಕಾಯಿಯ ಕಾಲದಲ್ಲಿ ಒಂದು ಸಂಜೆ ಅವರ ಫೋನು ಬಂತು.

“ಆ ಕಿಕ್ಕೇರಿ ಕಡೆ ಹುಡುಗಿದು ರಿಪೋರ್ಟು ಇನ್ನೂ ಬಂದಿಲ್ಲ ಕಣವ್ವ. ಅವಳ ಗಂಡ ದಿನಾ ಬಂದು ಕುಂತ್ಕತಾನೆ. ಏನ್ ಯೋಳ್ಲಿ ಅವನ್ಗೆ?”

ನಾನು ಪರದೆ ನೋಡಿದೆ. ಆ ಸಂಖ್ಯೆಯ ಎದುರಿಗೆ ‘ತಲುಪಿದೆ’ ಎಂದು ಇತ್ತು.

“ಕಳಿಸಿ ಆಗಿದೆ ಅಕ್ಕ. ತಲುಪಿದೆ ಅಂತಲೂ ತೋರಿಸ್ತಿದೆ.”

“ತಲುಪಿದ್ರೆ ನಾನ್ಯಾಕ್ ಫೋನ್ ಮಾಡ್ಲಿ? ಇಲ್ಲೇನೂ ಇಲ್ಲ ಕಣವ್ವ. ಕಣ್ಣ್ ಬುಟ್ಕಂಡ್ ನೋಡ್ತಾವ್ನಿ.”

ಇನ್ನೊಮ್ಮೆ ಕಳಿಸಿದೆ. ಮತ್ತೆ ‘ತಲುಪಿದೆ’ ಎಂದಿತು. ಅಕ್ಕನಿಗೆ ಆಗಲೂ ಬರಲಿಲ್ಲ.

ಹಿಂದೆಯೂ ಹೀಗೆ ಆಗಿತ್ತು. ಒಂದು ವಾರ ಎಲ್ಲ ಸರಿಯಾಗಿ ಹೋಗುತ್ತಿತ್ತು, ಒಂದು ದಿನ ನಡುವೆ ಯಾವುದೋ ಎರಡು ಕಾಣೆಯಾಗುತ್ತಿದ್ದವು. ಯಾರಾದರೂ ಸಕ್ಕರೆ ಕಾಯಿಲೆಯವರದಾಗಿದ್ದರೆ ಅಕ್ಕ ಅವರನ್ನು ಒಪ್ಪಿಸಿ ಇನ್ನೊಮ್ಮೆ ರಕ್ತ ತೆಗೆದು ಕಳಿಸುತ್ತಿದ್ದರು. ಆದರೆ ಈ ಹುಡುಗಿಯದು ಅಂಥದ್ದಲ್ಲ. ಅವಳು ಬಸುರಿ. ಮೊದಲನೆಯ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅವಳ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್. ಅಂಥ ತಾಯಿಯ ಮೈ ಕೆಲವೊಮ್ಮೆ ಒಳಗಿರುವ ಮಗುವಿನ ರಕ್ತವನ್ನು ಪರರದೆಂದು ತಿಳಿದು ಅದರ ಮೇಲೆ ತಿರುಗಿ ಬೀಳುತ್ತದೆ. ಹಾಗೇನಾದರೂ ಆಗಿದೆಯೋ ಎಂದು ಪರೀಕ್ಷೆ ಮಾಡಿ ನೋಡಬೇಕು. ಆಗಿಲ್ಲದಿದ್ದರೆ ಏಳನೆಯ ತಿಂಗಳು ತುಂಬುವ ಮುಂಚೆ ಒಂದು ಇಂಜೆಕ್ಷನ್ ಕೊಟ್ಟು ತಡೆಯಬಹುದು. ಅವಳನ್ನು ನೋಡುತ್ತಿದ್ದ ಅಲ್ಲಿನ ಡಾಕ್ಟರು ಈ ರಿಪೋರ್ಟಿಗಾಗಿಯೇ ಕಾದಿದ್ದರು.

ನಾನು ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ರಿಪೋರ್ಟಿನ ಇನ್ನೊಂದು ಪ್ರತಿ ಅಚ್ಚು ಹಾಕಿಸಿ, ರುಜು ಮಾಡಿ ಕವರಿಗೆ ಹಾಕಿದರು.

“ನೀನೇ ಹೋಗು. ಮೊದಲು ಇದನ್ನ ಆ ಹುಡುಗಿಯ ಕೈಗೆ ಕೊಡು. ಆಮೇಲೆ ಆ ಮಿಷನ್ನಿನ ಎದುರು ಕೂತ್ಕೋ. ಕಾರಣ ಗೊತ್ತಾಗೋವರೆಗೂ ವಾಪಸ್ ಬರಬೇಡ.”

“ರಿಪೋರ್ಟು ಏನು ಮೇಡಂ?” ಎಂದೆ. ಹಾಗೆ ಕೇಳುವ ಅಭ್ಯಾಸ ನನಗಿರಲಿಲ್ಲ.

“ಚೆನ್ನಾಗಿದೆ,” ಎಂದರು. ಅಷ್ಟೇ ಹೇಳಿ ಮೈಕ್ರೋಸ್ಕೋಪಿನ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಪಾಂಡವಪುರ ದಾಟಿ, ಚಿನಕುರಳಿ ದಾಟಿ, ಕಬ್ಬಿನ ಗಾಡಿಗಳ ಹಿಂದೆ ನಿಂತು ನಿಂತು ಬಸ್ಸು ಕೆ.ಆರ್. ಪೇಟೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಅಕ್ಕ ಕೋಣೆಯ ಬಾಗಿಲಲ್ಲೇ ನಿಂತಿದ್ದರು.

“ಅಯ್ಯೋ, ಈಗ್ ತಾನೆ ಎದ್ದೋದ ಕಣವ್ವ ಅವಳ ಗಂಡ. ಕಬ್ಬು ಕಡಿಯೋರು ಬತ್ತಾರೆ ಅಂತ. ಅವನ ಮುಖ ನೋಡಕ್ಕಾಗಲ್ಲ.”

“ಅವರ ಊರು ಎಲ್ಲಿ?”

“ಕಿಕ್ಕೇರಿಲಿ ಇಳ್ಕಂಡ್ರೆ ಗೋವಿಂದನಹಳ್ಳಿ ಕಡೆಗೋಗೋ ದಾರಿ. ನಡ್ಕಂಡೋಗ್ಬೋದು. ಇರು, ನಾನೂ ಬತ್ತೀನಿ. ನೀನೊಬ್ಳೇ ಲ್ಯಾಬಿಂದ ಬಂದಿವ್ನಿ ಅಂತ ನಿಂತ್ರೆ ಆ ಮನೇರಿಗೆ ಎದೆ ಒಡ್ದೋಗ್ತದೆ.”

ಆ ಹೊತ್ತಿಗೆ ರಕ್ತದ ಡಬ್ಬಿ ಬಸ್ಸಿಗೆ ಹೋಗಿ ಆಗಿತ್ತು. ರಿಪೋರ್ಟು ಚೆನ್ನಾಗಿದೆ ಎಂದು ಅಕ್ಕನಿಗೆ ಹೇಳಿದೆ. ಅವರು ಕೋಣೆಗೆ ಬೀಗ ಹಾಕಿದರು. ಕಿಕ್ಕೇರಿಯಲ್ಲಿ ಇಳಿದು ಗದ್ದೆಯ ಪಕ್ಕದ ದಾರಿ ಹಿಡಿದೆವು. ಅಕ್ಕ ದಾರಿಯುದ್ದಕ್ಕೂ ಆ ಗಂಡನ ಬಗ್ಗೆಯೇ ಹೇಳುತ್ತಿದ್ದರು. ಬರುತ್ತಾನಂತೆ, ಬೆಂಚಿನ ತುದಿಯಲ್ಲಿ ಕೂರುತ್ತಾನಂತೆ, ಕಂಪ್ಯೂಟರು ಕಿರುಚಿದಾಗಲೆಲ್ಲ ಎದ್ದು ನಿಲ್ಲುತ್ತಾನಂತೆ. ಇವರು ತಲೆ ಅಲ್ಲಾಡಿಸಿದರೆ ಮತ್ತೆ ಕೂರುತ್ತಾನಂತೆ. ಒಂದು ಮಾತು ಜೋರಾಗಿ ಆಡಿದವನಲ್ಲ.

ಮನೆ ಸಿಕ್ಕಿತು. ಜಗುಲಿಯ ಮೇಲೆ ಅತ್ತೆ ಸೊಸೆ ಇಬ್ಬರೂ ಮೊರದ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಇನ್ನೂ ಎಳೆಯ ವಯಸ್ಸಿನವಳು, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಅಕ್ಕನ ಗುರುತು ಹಿಡಿದು ಏಳಲು ಹೋದಳು. ಅಷ್ಟರಲ್ಲಿ ಅತ್ತೆಯ ಕಣ್ಣು ನನ್ನ ಕೈಯ ಕವರಿನ ಮೇಲೆ ಬಿತ್ತು. ಆಕೆ ಸೊಸೆಯ ಭುಜ ಒತ್ತಿ ಕೂರಿಸಿ, ತಾನೇ ಎದ್ದು ಅಂಗಳಕ್ಕೆ ಇಳಿದು ಬಂದರು.

“ಏನಿದ್ರೂ ಮೊದ್ಲು ನಂಗೆ ಯೋಳಿ,” ಎಂದರು ತಗ್ಗಿದ ದನಿಯಲ್ಲಿ. “ಅವಳ ಮುಂದೆ ಬ್ಯಾಡ.”

“ಒಳ್ಳೇದೇ ಕಣಮ್ಮಾ. ರಕ್ತ ಸರಿಯಾಗೈತೆ. ಏನೂ ತೊಂದ್ರೆ ಇಲ್ಲ,” ಎಂದರು ಅಕ್ಕ.

ಆ ಮುದುಕಿ ನಂಬಲಿಲ್ಲ. ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಕೈಯಲ್ಲಿದ್ದ ಅವರೆಕಾಳನ್ನು ಮರೆತು, ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕಾಳೆಲ್ಲ ಅಂಗಳಕ್ಕೆ ಚೆಲ್ಲಿದರು. ಕೋಳಿಗಳು ಓಡಿ ಬಂದವು.

ನಾನು ಜಗುಲಿಯ ಹತ್ತಿರ ಹೋಗಿ ಹುಡುಗಿಯ ಕೈಗೆ ಕವರು ಕೊಟ್ಟು, “ನಿಮ್ಮ ರಿಪೋರ್ಟು ಬಂದಿದೆ. ಚೆನ್ನಾಗಿದೆ. ತಡವಾಯ್ತು,” ಎಂದೆ.

ಅವಳು ಕವರು ಹಿಡಿದುಕೊಂಡು ನಕ್ಕಳು. “ಅವತ್ತೇ ಬಂದಿತ್ತಲ್ವಾ ಅಕ್ಕ? ನಮ್ಮನೇರು ಯೋಳಿದ್ರಲ್ಲ, ಸರಿಯಾಗೈತಂತೆ ಅಂತ.”

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಯಾರೋ ಹೋಗಿ ಹೇಳಿದ್ದರೇನೋ, ಗಂಡ ಗದ್ದೆಯ ಕಡೆಯಿಂದ ಓಡುತ್ತಲೇ ಬಂದ. ಮೊಣಕಾಲಿನ ತನಕ ಕಬ್ಬಿನ ರವದಿಯ ಒಣಗರಿ ಅಂಟಿತ್ತು. ಹೆಂಡತಿಯ ಕೈಯಲ್ಲಿ ಕವರು ಕಂಡವನೇ ಅಂಗಳದ ನಡುವೆ ನಿಂತುಬಿಟ್ಟ.

“ಒಳ್ಳೇದಂತೆ ಕಣ್ಲಾ,” ಎಂದರು ಅವನ ತಾಯಿ.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆಮೇಲೆ ತಲೆ ಎತ್ತದೆಯೇ ಹೆಂಡತಿಗೆ ಹೇಳಿದ: “ನಾನು ಸುಳ್ಳು ಯೋಳ್ಬುಟ್ಟಿದ್ದೆ. ಬಂದಿರ್ಲಿಲ್ಲ ಅದು. ಹೋದ್ಸಲದಂಗೆ ನೀನು ಊಟ ಬುಟ್ಬುಡ್ತೀಯ ಅಂತ... ಬರೋದು ಒಳ್ಳೇದೇ ಬತ್ತದೆ ಅಂದ್ಕಂಡು ಯೋಳ್ಬುಟ್ಟೆ.”

ಹುಡುಗಿ ಕವರಿನ ಅಂಚನ್ನು ಬೆರಳಲ್ಲಿ ನೇವರಿಸುತ್ತಿದ್ದಳು.

“ಗೊತ್ತಿತ್ತು,” ಎಂದಳು.

ಅವನು ತಲೆ ಎತ್ತಿದ.

“ಬಂದಿದ್ರೆ ದಿನಾ ಯಾಕೆ ಪ್ಯಾಟೆಗೋಗ್ತಿದ್ರಿ? ಗೊಬ್ಬರ ತರಕ್ಕೆ ಅಂತ ಹೋಗೋರು, ಬರೀ ಕೈಲಿ ಬರೋರು. ನಂಗೆ ಗೊತ್ತಾಗಲ್ವಾ? ನಾನು ಕೇಳ್ಬುಟ್ರೆ ನೀವು ಇನ್ನೂ ಹೆದರ್ಕತೀರಿ ಅಂತ ಸುಮ್ನಿದ್ದೆ. ದಿನಾ ಎರಡೊತ್ತೂ ಉಂಡ್ನಲ್ಲ, ನಿಮ್ಮುಂದೆ ಕುಂತ್ಕಂಡು.”

ಅವನು ಎದ್ದು ಹಿತ್ತಲಿಗೆ ಹೋದ. ಕೈಕಾಲು ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಹುಡುಗಿಯ ಕಣ್ಣಿನಿಂದ ನೀರು ತಾನೇ ತಾನಾಗಿ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ, ಸುಲಿಯುವುದನ್ನು ಬಿಡಲೂ ಇಲ್ಲ. ನಮ್ಮ ಅಕ್ಕ ಅವಳ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ತಮ್ಮ ಮಡಿಲಿಗೆ ಎಳೆದುಕೊಂಡು ತಾವೂ ಸುಲಿಯತೊಡಗಿದರು. ನಾನೂ ಕೂತೆ. ಸೊಗಡು ಕೈಗೆಲ್ಲ ಅಂಟಿತು. ಊಟ ಮಾಡದೆ ಕಳಿಸುವುದಿಲ್ಲ ಎಂದು ಮುದುಕಿ ಹಟ ಹಿಡಿದರು. ಮುದ್ದೆ, ಅದೇ ಅವರೆಕಾಳಿನ ಸಾರು. ಗಂಡ ಬಡಿಸಲು ನಿಂತ. ಮುಖ ತೊಳೆದು ಬಂದಿದ್ದರೂ ಕಣ್ಣು ಕೆಂಪಗಿತ್ತು. ಹೆಂಡತಿಯ ತಟ್ಟೆಗೆ ತುಪ್ಪ ಬಿಡುವಾಗ ಮಾತ್ರ ಕೈ ನಿಲ್ಲಿಸುವುದೇ ಮರೆತ. ಅವಳು “ಸಾಕು ಸಾಕು” ಎಂದು ಕೈ ಅಡ್ಡ ಹಿಡಿದಳು.

ಹೊರಡುವಾಗ ನಾನು, ಇಂಜೆಕ್ಷನ್ನಿನ ವಿಷಯ ಡಾಕ್ಟರನ್ನು ನಾಳೆಯೇ ಕಾಣಬೇಕೆಂದು ಎರಡು ಸಲ ಹೇಳಿದೆ. “ನಾಳೆ ಇಬ್ರೂ ಹೋಗ್ತೀವಿ,” ಎಂದಳು ಹುಡುಗಿ. “ಇನ್ಮೇಲೆ ಒಬ್ರನ್ನೇ ಕಳ್ಸಲ್ಲ.”

ಕೆ.ಆರ್. ಪೇಟೆಗೆ ಮರಳಿ ಬಂದು ಕಂಪ್ಯೂಟರಿನ ಎದುರು ಕೂತೆ. ಮೊದಲು ಡಾಕ್ಟರಮ್ಮನಿಗೆ ಒಂದು ಸಂದೇಶ ಬರೆದೆ. ಆ ಪರದೆಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆವು. ರಿಪೋರ್ಟು ಕೊಟ್ಟೆ, ಇವತ್ತು ಇಲ್ಲೇ ಉಳಿಯುತ್ತೇನೆ, ಮನೆಗೆ ದಯವಿಟ್ಟು ತಿಳಿಸಿ ಎಂದು ಬರೆದು ಕಳಿಸಿದೆ. ಮೋಡೆಮ್ ಕಿರುಚಿತು, ಹೋಯಿತು. ಕತ್ತಲಾಗುವ ಮುಂಚೆ ಉತ್ತರ ಸರಿಯಾಗಿ ನನ್ನ ಎದುರಿಗೇ ಬಂತು. ಡಾಕ್ಟರಮ್ಮ ಗಂಜಾಮಿನ ತನಕ ತಾವೇ ನಡೆದು ಹೋಗಿ ಹೇಳಿ ಬಂದಿದ್ದರು. ಮಗಳು ಅವರ ಕನ್ನಡಕ ಕಿತ್ತುಕೊಂಡು ಕೊಡಲೇ ಇಲ್ಲವಂತೆ. ಮಗು ಹುಟ್ಟಿದಂದಿನಿಂದ ನಾನು ಅದನ್ನು ಬಿಟ್ಟು ಮಲಗಿದವಳಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಆದರೆ ಉತ್ತರ ಬಂದದ್ದೇ ನನಗೆ ತಲೆನೋವಾಯಿತು. ಎಲ್ಲ ಸರಿಯಾಗಿಯೇ ಇದೆಯಲ್ಲ! ಮಾರನೆಯ ಬೆಳಿಗ್ಗೆ ಇನ್ನೂ ಕೆಲವು ಕಳಿಸಿದೆ. ಹೋದವು, ಉತ್ತರವೂ ಬಂತು. ಸರಿಯಾಗಿರುವ ಮಿಷನ್ನಿನಲ್ಲಿ ತಪ್ಪು ಹುಡುಕುವುದು ಕಷ್ಟ. ಜ್ವರ ಇಳಿದ ಮೇಲೆ ಡಾಕ್ಟರ ಹತ್ತಿರ ಹೋದಂತೆ.

“ನೀನು ಬಂದಿದ್ದೀಯ ಅಂತ ನೆಟ್ಟಗೆ ನಡ್ಕತಾ ಐತೆ ಅದು,” ಎಂದರು ಅಕ್ಕ. “ನಾಯಿ ಥರ.”

ಮಧ್ಯಾಹ್ನ ಇನ್ನೊಂದು ಸಂದೇಶ ಕಳಿಸಲು ಹೋದಾಗ ಶ್ರೀರಂಗಪಟ್ಟಣದ ಲೈನು ಸಿಗಲಿಲ್ಲ. ಆ ದಿನಗಳಲ್ಲಿ ಅದು ಮಾಮೂಲು. ಈ ಮಾರ್ಗದ ಎಲ್ಲ ಲೈನುಗಳೂ ಬಿಡುವಿಲ್ಲ ಎಂದು ಒಂದು ಹೆಣ್ಣುದನಿ ಹೇಳಿ ಸುಮ್ಮನಾಗುತ್ತಿತ್ತು. ಮೋಡೆಮ್ ಮತ್ತೆ ಮತ್ತೆ ಡಯಲ್ ಮಾಡಿ ಸೋತಿತು. ಆಮೇಲೆ ಅದು ಬೇರೆ ಯಾವುದೋ ನಂಬರು ಡಯಲ್ ಮಾಡಿದ ಸದ್ದು ಕೇಳಿಸಿತು. ಟಿಕ್ ಟಿಕ್ ಸದ್ದಿನ ಲಯವೇ ಬೇರೆ. ನನಗೆ ನೆನಪಾಯಿತು: ಪ್ರೋಗ್ರಾಮು ಬರೆದ ಮೈಸೂರಿನವರು ಹುಬ್ಬಳ್ಳಿಗೆ ಹೋಗುವ ಮುಂಚೆ ಒಂದು ಅನುಕೂಲ ಮಾಡಿದ್ದರು. ಕೆ.ಆರ್. ಪೇಟೆಗೆ ನೇರ ಲೈನು ಸಿಗದಿದ್ದರೆ ಸಂದೇಶವನ್ನು ಪಾಂಡವಪುರದ ಕಂಪ್ಯೂಟರಿಗೆ ಕೊಡುವುದು, ಅದು ಶ್ರೀರಂಗಪಟ್ಟಣಕ್ಕೆ ಮುಟ್ಟಿಸುವುದು. ಒಳ್ಳೆಯ ಏರ್ಪಾಡೇ. ಕೇಳಿಕೆಗಳೆಲ್ಲ ತಪ್ಪದೆ ನಮ್ಮನ್ನು ಮುಟ್ಟುತ್ತಿದ್ದುದರಿಂದ ಅದರ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಆ ಸಲ ನಾನು ಬರೆದಿದ್ದದ್ದು ಇಷ್ಟೇ: ‘ಊಟ ಆಯ್ತಾ ಮೇಡಂ?’

ಅದು ಪಾಂಡವಪುರಕ್ಕೆ ಹೋಯಿತು. ನಾವು ಕಾದೆವು. ಅಕ್ಕ ಒಬ್ಬ ಮುದುಕರ ರಕ್ತ ತೆಗೆದು ಅವರನ್ನು ಮನೆಗೆ ಕಳಿಸಿದರು. ಇನ್ನೂ ಕಾದೆವು. ಪರದೆ ಖಾಲಿ. ಆಗ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಪಾಂಡವಪುರದ ಭಟ್ಟರು.

ಪಾಂಡವಪುರದ ಕೋಣೆ ನೋಡಿಕೊಳ್ಳುತ್ತಿದ್ದ ಅವರು ದೇವಸ್ಥಾನದ ಮನೆತನದವರು. ಬೆಳಗಿನ ಪೂಜೆ ಮುಗಿಸಿ, ಹಣೆಯ ನಾಮದ ಸಮೇತ ಬಂದು ಕೋಣೆಯ ಬಾಗಿಲು ತೆರೆಯುತ್ತಿದ್ದರು. ಬಹಳ ಸಂಕೋಚದ ಮನುಷ್ಯ.

“ನೀವು ಅಲ್ಲೇ ಇದ್ದೀರಂತೆ, ಅದಕ್ಕೆ ಮಾಡಿದೆ,” ಎಂದರು. “ಏನೂ ತಿಳ್ಕೋಬೇಡಿ. ಡಾಕ್ಟರಮ್ಮ ಈಗ ನನಗೆ, ‘ಆಯ್ತು, ಹುರುಳಿಕಾಳಿನ ಸಾರು, ನಿಂದು?’ ಅಂತ ಬರೆದಿದ್ದಾರೆ. ನಾನು ಅವರನ್ನ ಏನೂ ಕೇಳಿರಲಿಲ್ಲ. ಅವರು ನನ್ನನ್ನ ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವರೂ ಅಲ್ಲ. ಏನಾದರೂ ಕೋಪವೇ?”

ನಾನು ಫೋನು ಹಿಡಿದುಕೊಂಡೇ ನಗತೊಡಗಿದೆ. ಭಟ್ಟರು ಇನ್ನೂ ಗಾಬರಿಯಾದರು. ಅವರಿಗೆ ಸಮಾಧಾನ ಹೇಳಿ, ಅಕ್ಕನಿಗೆ ಹೇಳಿ, ಸಿಕ್ಕ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದೆ.

ಅಲ್ಲಿ ಕೂತು ನೋಡಿದಾಗ ಎಲ್ಲ ತಿಳಿಯಾಯಿತು. ಪ್ರತಿ ಕೇಳಿಕೆಯ ತಲೆಯ ಮೇಲೆ ಕೇಳಿದ ಕೋಣೆಯ ಹೆಸರು ಇರುತ್ತಿತ್ತು. ಉತ್ತರ ಆ ಹೆಸರಿಗೇ ಹೋಗುವುದು. ಪಾಂಡವಪುರದ ಕಂಪ್ಯೂಟರು ಕೆ.ಆರ್. ಪೇಟೆಯ ಕೇಳಿಕೆಯನ್ನು ಮುಂದಕ್ಕೆ ದಾಟಿಸುವಾಗ ಆ ಹೆಸರನ್ನು ಅಳಿಸಿ ತನ್ನ ಹೆಸರು ಬರೆಯುತ್ತಿತ್ತು. ಇನ್ನೊಬ್ಬರ ಕಾಗದವನ್ನು ಅಂಚೆಗೆ ಹಾಕಲು ಹೋದವನು ಕಳಿಸಿದವರ ವಿಳಾಸದ ಜಾಗದಲ್ಲಿ ತನ್ನ ವಿಳಾಸ ಬರೆದಂತೆ. ಹಾಗಾಗಿ ಉತ್ತರ ಪಾಂಡವಪುರಕ್ಕೇ ಬಂದು ನಿಲ್ಲುತ್ತಿತ್ತು. ಎಷ್ಟು ಸಲ ಮರಳಿ ಕಳಿಸಿದರೂ ಅಲ್ಲಿಗೇ. ಅಲ್ಲಿನ ಕಂಪ್ಯೂಟರು ತನಗೆ ಬಂತೆಂದು ಹೇಳುತ್ತಿದ್ದುದರಿಂದ ನಮ್ಮ ಪರದೆಯ ಮೇಲೆ ‘ತಲುಪಿದೆ’. ಬರೀ ಮಾತಾಗಿದ್ದರೆ ಅದು ಭಟ್ಟರ ಕಣ್ಣಿಗೆ ಬೀಳುತ್ತಿತ್ತು. ಆದರೆ ರಿಪೋರ್ಟಿನಲ್ಲಿ ರಕ್ತದ ಸಂಖ್ಯೆ ಇರುತ್ತದಲ್ಲ, ಆ ಸಂಖ್ಯೆ ತನ್ನ ಕೋಣೆಯದಲ್ಲ ಎಂದು ಕಂಡ ಕೂಡಲೇ ಕಂಪ್ಯೂಟರು ಅದನ್ನು ಯಾರೂ ತೆರೆಯದ ಒಂದು ಮೂಲೆಗೆ ತಳ್ಳಿಬಿಡುತ್ತಿತ್ತು. ನೇರ ಲೈನು ಸಿಕ್ಕ ದಿನ ಯಾವ ತೊಂದರೆಯೂ ಇಲ್ಲ. ಸಿಗದ ದಿನ ಹೋದ ಕೇಳಿಕೆಗಳ ಉತ್ತರ ಮಾತ್ರ ಕಾಣೆ.

ಆ ಮೂಲೆ ತೆರೆದಾಗ ಕಾಣೆಯಾದವೆಲ್ಲ ಅಲ್ಲಿದ್ದವು. ಕಿಕ್ಕೇರಿಯ ಹುಡುಗಿಯದು ನಾನು ಮರಳಿ ಕಳಿಸಿದ್ದೂ ಸೇರಿ ಒಂದಕ್ಕಿಂತ ಹೆಚ್ಚು ಸಲ ಇತ್ತು. ಭಟ್ಟರು ನನ್ನ ಹಿಂದೆ ನಿಂತು ಓದುತ್ತಿದ್ದವರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

“ಇವೆಲ್ಲ ಇಷ್ಟು ದಿನ ನನ್ನ ಪಕ್ಕದಲ್ಲೇ ಇದ್ದವೇ? ನಾನು ಇಲ್ಲೇ ಕೂತು ಕಾಫಿ ಕುಡೀತಿದ್ದೆನಲ್ಲ.”

“ನಿಮ್ಮ ತಪ್ಪೇನಿದೆ? ಅದು ತೋರಿಸಿದ್ರೆ ತಾನೆ,” ಎಂದೆ.

ಅವರು ಒಪ್ಪಿಕೊಂಡಂತೆ ಕಾಣಲಿಲ್ಲ. ಅವನ್ನೆಲ್ಲ ಅಚ್ಚು ಹಾಕಿಸಿಕೊಂಡು, ಕವರುಗಳಿಗೆ ತುಂಬಿ, ಬಟ್ಟೆಯ ಚೀಲದಲ್ಲಿಟ್ಟು ಅಂದೇ ಕೆ.ಆರ್. ಪೇಟೆಯ ಬಸ್ಸು ಹತ್ತಿದರು. ಅಲ್ಲಿ ಅಕ್ಕನೂ ಅವರೂ ಸೇರಿ ಸಿಕ್ಕವರಿಗೆಲ್ಲ ಕೊಟ್ಟು ಬಂದರೆಂದು ಆಮೇಲೆ ಕೇಳಿದೆ. ಇಬ್ಬರೂ ಅಷ್ಟು ದಿನ ಫೋನಿನಲ್ಲಿ ಮಾತಾಡಿದ್ದರೇ ಹೊರತು ಮುಖ ನೋಡಿರಲಿಲ್ಲ. “ಅವ್ರು ಇಷ್ಟು ಕುಳ್ಳಗವ್ರೆ ಅಂತ ಗೊತ್ತಿರ್ಲಿಲ್ಲ ಕಣವ್ವ, ದನಿ ಕೇಳಿದ್ರೆ ಆರಡಿ ಅನ್ಕಂಡಿದ್ದೆ,” ಎಂದು ಅಕ್ಕ ನನಗೆ ಹೇಳಿದರು.

ಪ್ರೋಗ್ರಾಮು ಸರಿಮಾಡುವ ಕೆಲಸ ದೊಡ್ಡದೇನೂ ಆಗಿರಲಿಲ್ಲ. ಕೇಳಿದವರ ಹೆಸರನ್ನು ನಡುವಿನವರು ಯಾರೂ ಮುಟ್ಟಬಾರದು. ದಾಟಿಸಿದವರ ಹೆಸರಿಗೆ ಬೇರೆ ಜಾಗ ಇರಬೇಕು. ಬರುವಾಗಲೂ ಅದೇ ದಾರಿ ಹಿಡಿದು ಕೇಳಿದವರ ತನಕ ಹೋಗಬೇಕು. ಜೊತೆಗೆ, ಕೇಳಿದ ಕೋಣೆಯೇ ಬಂತು ಎಂದು ಹೇಳುವ ತನಕ ನಮ್ಮ ಪರದೆ ‘ತಲುಪಿದೆ’ ಎನ್ನಬಾರದು. ಇಷ್ಟು ಬರೆದು, ಬೇಕೆಂದೇ ಕೆ.ಆರ್. ಪೇಟೆಯಿಂದ ನೇರ ಡಯಲ್ ಆಗದಂತೆ ಮಾಡಿ, ಮೂರೂ ಊರಿನವರಿಂದ ಕೇಳಿಕೆ ತರಿಸಿ ನೋಡಿದೆ. ನಾಗಮಂಗಲದವರು ತಮ್ಮದು ಸರಿಯಾಗಿಯೇ ಇರುವಾಗ ಇದೇನು ಕಾಟ ಎಂದು ಗೊಣಗಿದರು. ಡಾಕ್ಟರಮ್ಮ ನನ್ನ ಪಕ್ಕ ಕೂತು ಪ್ರತಿಯೊಂದಕ್ಕೂ ತಾವೇ ಉತ್ತರ ಟೈಪು ಮಾಡಿದರು. ಭಟ್ಟರಿಗೆ ಬರೆಯುವಾಗ ಬಹುವಚನವನ್ನು ಎರಡೆರಡು ಸಲ ನೋಡಿ ಖಚಿತಪಡಿಸಿಕೊಂಡರು.

ಹುಡುಗಿಗೆ ಇಂಜೆಕ್ಷನ್ ಸಕಾಲಕ್ಕೆ ಆಯಿತು. ಯುಗಾದಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ಅಕ್ಕ ಅಂದು ರಕ್ತದ ವಿಷಯವನ್ನೆಲ್ಲ ಬಿಟ್ಟು, ತಪ್ಪು ತಪ್ಪು ಅಕ್ಷರಗಳಲ್ಲಿ, ತಾಯಿ ಮಗು ಇಬ್ಬರೂ ಸುಖ ಎಂದು ಉಳಿದ ಮೂರೂ ಕಡೆಗೆ ಸುದ್ದಿ ಕಳಿಸಿದರು. ಸುದ್ದಿಗೆ ಉತ್ತರ ಬೇಕಿರಲಿಲ್ಲ. ಆದರೂ ಎಲ್ಲರೂ ಬರೆದರು. ಗೊಣಗಿದ್ದ ನಾಗಮಂಗಲದವರು ಕೂಡ.

ಮಳೆಗಾಲ ಹಿಡಿಯುವ ಮುಂಚೆ ಗಂಡ, ಹೆಂಡತಿ, ಮಗು ಮೂವರೂ ಶ್ರೀರಂಗಪಟ್ಟಣಕ್ಕೆ ಬಂದರು. ನದಿಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಮಗುವನ್ನು ಡಾಕ್ಟರಮ್ಮನಿಗೆ ತೋರಿಸಲೆಂದು ಲ್ಯಾಬಿಗೆ ಬಂದಿದ್ದರು. ಬಂದದ್ದೇ ಬಂದಿರಿ, ಮಗುವಿನ ರಕ್ತವನ್ನೂ ಒಮ್ಮೆ ನೋಡಿಬಿಡೋಣ ಎಂದು ಡಾಕ್ಟರಮ್ಮ ಅದರ ಹಿಮ್ಮಡಿಗೆ ಚಿಕ್ಕ ಸೂಜಿ ಚುಚ್ಚಿದರು. ಮಗು ಕಿಟಾರನೆ ಕಿರುಚಿತು. ಅಪ್ಪ ಮಾತ್ರ ಅದನ್ನು ನೋಡಲಾರದೆ ಬೀದಿಗೆ ಹೋಗಿ ನಿಂತ.

ಹುಡುಗಿ ಈಗ ತುಂಬಿಕೊಂಡಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಾಚೆ ನೋಡಿ ನಕ್ಕಳು.

“ಅವತ್ತಿಂದ ಏನೂ ಮುಚ್ಚಿಡಲ್ಲ ಕಣಕ್ಕ ಅವ್ರು. ಎತ್ತು ಕೆಮ್ಮಿದ್ರೂ ಬಂದು ಯೋಳ್ತಾರೆ. ನನ್ಗೇ ಸಾಕಾಗೋಗೈತೆ.”

“ನೀನು?” ಎಂದೆ. “ನೀನು ಹೇಳ್ತೀಯಾ?”

“ನಾನಾ?” ಎಂದು ಅವಳು ತುಸು ಯೋಚಿಸಿದಳು. “ಒಸಿ ಒಸಿ ಯೋಳ್ತೀನಿ.”

ಮಗು ಅಳು ನಿಲ್ಲಿಸಿ ನನ್ನ ಹೆಗಲಿನ ಮೇಲೆ ಬಾಯಿ ಒತ್ತಿತ್ತು. ಹೊರಗೆ ಅವನು ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದ. ಆಯ್ತು ಬನ್ನಿ ಎಂದು ಹುಡುಗಿ ಎರಡು ಸಲ ಕೂಗಿ ಕರೆದ ಮೇಲೆ ಒಳಗೆ ಬಂದ.